ಏಕೋಪಾಧ್ಯಾಯ ಶಾಲೆಗಳ ಹಿನ್ನೆಲೆ ಮತ್ತು ವಿಲೀನದ ಪ್ರಶ್ನೆ

ಪ್ರಶ್ನೆ (ಚಳ್ಳಕೆರೆ ತಾಲ್ಲೂಕು):
ನಮ್ಮ ಪಕ್ಕದ ಗೊಲ್ಲರಹಟ್ಟಿಯ ಒಂದೇ ಕೋಣೆಯ ಕಿರಿಯ ಪ್ರಾಥಮಿಕ ಶಾಲೆಯನ್ನು, ಮಕ್ಕಳ ಸಂಖ್ಯೆ ಕಡಿಮೆಯೆಂದು ದೊಡ್ಡ ಊರಿನ ಶಾಲೆಗೆ ವಿಲೀನಗೊಳಿಸುವ ಮಾತು ಕೇಳಿಬರುತ್ತಿದೆ. ಒಬ್ಬರೇ ಮೇಷ್ಟ್ರು ಎಲ್ಲ ತರಗತಿಗಳನ್ನೂ ನಡೆಸುವ ಪದ್ಧತಿ ಬರೀ ಹಣದ ಕೊರತೆಯಿಂದ ಬಂದದ್ದೇ? ವಿಲೀನಕ್ಕೆ ದೂರದ ಮಿತಿ ಇದೆಯೇ?

ಉತ್ತರ (ನಿವೃತ್ತ ಶಿಕ್ಷಕ, ದಾವಣಗೆರೆ):
ಪದ್ಧತಿ ಸರ್ಕಾರಿ ಶಾಲೆಗಳಿಗಿಂತ ಹಳೆಯದು. ನಮ್ಮ ಕಡೆಯ ಕೂಲಿಮಠಗಳಲ್ಲಿ (ಹಳೆಯ ಕಾಲದ ಊರ ಪಾಠಶಾಲೆಗಳಲ್ಲಿ) ಐಗಳು, ಎಂದರೆ ಮೇಷ್ಟ್ರು, ಒಬ್ಬರೇ ಇರುತ್ತಿದ್ದರು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಸಲ್ಲಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕವಿದ್ದು, ಅವುಗಳಲ್ಲಿ 235 ಕನ್ನಡದವು. ಮುಂದುವರಿದ ಹುಡುಗರು ಕಿರಿಯರಿಗೆ ಕಲಿಸುತ್ತಿದ್ದರು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದಾಚೆಗೆ ಬೆತ್ತದ ಏಟು ಒಂದೊಂದಾಗಿ ಏರುತ್ತಿತ್ತೆಂದೂ ಅದರಲ್ಲಿದೆ. (ತಡವಾಗಿ ಬರುವವರಿಗೆ ಇಂದಿಗೂ ಸೊನ್ನೆಯೇ ಸಾಕು ಎನಿಸುತ್ತದೆ.) ಮೈಸೂರು ಸಂಸ್ಥಾನವು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಕೈಗೊಂಡ ಮೇಲೆ ಸರ್ಕಾರದ ಪಾಠಶಾಲೆಗಳು ಹಳ್ಳಿಗಳತ್ತ ಹರಡತೊಡಗಿದವು.

ಉತ್ತರ (ಹಿರಿಯೂರು):
ಇದಕ್ಕೊಂದು ಸೇರಿಸುತ್ತೇನೆ. ಒಂದು ಕೋಣೆ, ಒಬ್ಬ ಶಿಕ್ಷಕ ಎಂಬ ಸ್ಥಿತಿಯನ್ನು ಕೊರತೆಯೆಂದು ಪರಿಗಣಿಸಿ ಸರಿಪಡಿಸಲು ಹೊರಟದ್ದು 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂಬುದು ಅದರ ಗುರಿಯಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆನ್ನುತ್ತದೆ. ಕಾಯ್ದೆಯಡಿಯ ಕೇಂದ್ರದ ನಿಯಮಗಳ ಪ್ರಕಾರ ಈ ತರಗತಿಗಳಿಗೆ ಶಾಲೆ 1 ಕಿ.ಮೀ. ನಡಿಗೆಯ ದೂರದಲ್ಲಿರಬೇಕು, ದಾರಿಯಲ್ಲಿ ಮಕ್ಕಳಿಗೆ ಅಪಾಯವಿದ್ದರೆ ಆ ಮಿತಿಯನ್ನು ಇನ್ನೂ ಕಿರಿದಾಗಿಸಬೇಕು. ಹೀಗಾಗಿ ಹಟ್ಟಿಗೂ ಊರಿಗೂ ನಡುವೆ ಮಳೆಗಾಲದಲ್ಲಿ ತುಂಬುವ ಹಳ್ಳವೋ, ಹಿರಿಯೂರು–ಚಿತ್ರದುರ್ಗ–ದಾವಣಗೆರೆಯ ಹೆದ್ದಾರಿಯೋ ಇದ್ದರೆ, ನಕ್ಷೆಯ ಮೇಲಿನ ದೂರವನ್ನಷ್ಟೇ ತೋರಿಸುವ ಪ್ರಸ್ತಾವವನ್ನು ಒಪ್ಪಬೇಕಿಲ್ಲ.

ಉತ್ತರ (ಶಿಕ್ಷಕಿ, ಜಗಳೂರು):
ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಲಿಯುವುದು ದೋಷವೆಂದು ನನಗನಿಸುವುದಿಲ್ಲ; 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯ ಬುಡವೇ ಅದು. ಕಷ್ಟ ಬರುವುದು ಇರುವ ಒಬ್ಬ ಶಿಕ್ಷಕರು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಭೆಗೋ ಗಣತಿಗೋ ಹೋದ ದಿನ, ಬಿಸಿಯೂಟ ಬಡಿಸಲಷ್ಟೇ ಶಾಲೆಯ ಬಾಗಿಲು ತೆರೆದಿರುವಾಗ. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಎರಡನೆಯ ಶಿಕ್ಷಕರ ಬೇಡಿಕೆಯನ್ನು ಮೊದಲು ಬರೆಸಿ, ದಾರಿಯ ಸ್ಥಿತಿಯ ವಿವರವನ್ನು ಅದರ ಜೊತೆಗಿಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಿ.