ಅಪ್‌ಡೇಟ್: ಶೇಂಗಾ ಚಟ್ನಿಪುಡಿ – ‘ರೇಟ್ ಎಷ್ಟು’ ಕೇಳಿ ಸುಮ್ಮನಾಗುವವರ ಬಗ್ಗೆ

ಆನ್‌ಲೈನ್‌ನಲ್ಲಿ ಚಟ್ನಿಪುಡಿ ಮಾರುವಾಗ ಬೆಲೆ ಕೇಳಿದವರು ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಗೊತ್ತಾದದ್ದು ಇಷ್ಟು.

ತಪ್ಪು ರುಚಿಯದ್ದಲ್ಲ, ಲೆಕ್ಕದ್ದು. 200 ಗ್ರಾಂ ಪ್ಯಾಕೆಟ್ 150 ರೂಪಾಯಿ ಅಂದುಕೊಳ್ಳಿ. ಸಾಮಾನು, ಪ್ಯಾಕಿಂಗ್ 60, ಕೊರಿಯರ್ 60, ಉಳಿಯುವುದು 30. ಒಂದು ಆರ್ಡರ್ ತರಲು ಜಾಹೀರಾತಿಗೆ 50 ಹೋದರೆ ಕೈಯಿಂದಲೇ 20 ಹೋಯಿತು. ಅದೇ ಎರಡು ಪ್ಯಾಕೆಟ್ ಜೋಡಿಯಾಗಿ 300ಕ್ಕೆ ಕೊಟ್ಟರೆ, ಕೊರಿಯರ್ ಒಂದೇ ಆದ್ದರಿಂದ, ಜಾಹೀರಾತು ಕಳೆದೂ 70 ಉಳಿಯುತ್ತದೆ. 250 ಗ್ರಾಂನ ಎರಡು ಹಾಕಬೇಡಿ: ಡಬ್ಬಿ ಸೇರಿ ತೂಕ ಅರ್ಧ ಕೆಜಿ ದಾಟಿ ಕೊರಿಯರ್‌ನ ಮುಂದಿನ ಹಂತದ ದರ ಬೀಳುತ್ತದೆ.

ಡಬ್ಬಿಯ ಗಾತ್ರವೂ ದುಡ್ಡು ತಿನ್ನುತ್ತದೆ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ; ಬಂದ ಕೆಜಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತಾರೆ. 30×20×15 ಡಬ್ಬಿ 1.8 ಕೆಜಿ ಲೆಕ್ಕಕ್ಕೆ ಬರುತ್ತದೆ, 20×15×8 ಆದರೆ 480 ಗ್ರಾಂ.

ಇನ್ನು ಆ ‘ರೇಟ್ ಎಷ್ಟು’. ಬರೀ ‘150’ ಎಂದು ಉತ್ತರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಬೆಲೆಯ ಜತೆಗೇ ಡೆಲಿವರಿ ಸೇರಿ ಒಟ್ಟು ಎಷ್ಟು, ಎಷ್ಟು ದಿನಕ್ಕೆ ತಲುಪುತ್ತದೆ, ಎಷ್ಟು ದಿನ ಕೆಡುವುದಿಲ್ಲ ಎಂದು ಹೇಳಿ, ಕೊನೆಗೆ ‘ಯಾವ ಊರಿಗೆ ಕಳಿಸಬೇಕು, ಖಾರ ಕಡಿಮೆ ಬೇಕಾ?’ ಎಂದು ಕೇಳಬೇಕು.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ (ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) ಹಾಕಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ನಂಬರ್ ಸೇವ್ ಮಾಡಲು ಹೇಳುವ ಚೀಟಿ ಪಾರ್ಸಲ್‌ನೊಳಗೇ ಇರಲಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ) ಕೊಡುವ ನಂಬರ್ ಪ್ಯಾಕೆಟ್ ಮೇಲೆ ಕಡ್ಡಾಯ, ಅದನ್ನು ನೆನಪಿಸಿದವರಿಗೆ ವಿಶೇಷ ಧನ್ಯವಾದ.