ಒಂದೇ ಸರ್ವರಲ್ಲಿ ಎರಡು ವರ್ಡ್‌ಪ್ರೆಸ್, ಒಳಗಿನ ಪೇಜ್ ಒತ್ತಿದ್ರೆ ಹಳೇ ಸೈಟಿನ 404

ಪ್ರಶ್ನೆ (ಮಂಡ್ಯ): ಸರ್ ನಮಸ್ಕಾರ. ನಮ್ಮ ಮಾವಂದು ಬೆಲ್ಲದ ವ್ಯಾಪಾರ, ವರ್ಡ್‌ಪ್ರೆಸ್ ಸೈಟ್ ನಾನೇ ನೋಡ್ಕೊಳ್ತೀನಿ, ಸರ್ವರ್ ಉಬುಂಟು, ಪೇಜ್ ಕೊಡೋ ವೆಬ್ ಸರ್ವರ್ ಅಪಾಚೆ. ಚಿಲ್ಲರೆ ಗಿರಾಕಿಗೆ ಇರೋದು ಚೆನ್ನಾಗೇ ಓಡ್ತಿದೆ. ಈಗ ಸಗಟು ರೇಟಿಗೆ ಬೇರೆ ಬೇಕು ಅಂತ ಅದೇ ಡೊಮೇನ್ ಕೆಳಗೆ ‘ಸಗಟು’ ಅನ್ನೋ ಫೋಲ್ಡರ್ ಮಾಡಿ ರೂಟ್ (ಸರ್ವರಿನ ಮುಖ್ಯ ಯೂಸರ್) ಲಾಗಿನ್ನಲ್ಲಿ ಹಳೇದನ್ನ ಪೂರ್ತಿ ಕಾಪಿ ಹೊಡೆದೆ, ಏನ್ ಒತ್ತಿದ್ರೂ ಹಳೇ ಸೈಟಿಗೇ ಹೋಗ್ತಿತ್ತು, ಡೇಟಾಬೇಸ್ ಟೇಬಲ್ ಹೆಸರಿನ ಮುಂದಿರೋ ಪ್ರಿಫಿಕ್ಸ್ ಬದಲಾಯಿಸಿದ್ಮೇಲೆ ಇನ್‌ಸ್ಟಾಲ್ ಕೇಳ್ತು, ಮಾಡ್ದೆ, ಹೋಮ್ ಪೇಜ್ ಬಂತು. ಪರ್ಮಾಲಿಂಕ್ (ಪೇಜ್ ವಿಳಾಸದ ರೂಪ) ‘ಪೋಸ್ಟ್ ನೇಮ್’ ಇಟ್ಮೇಲೆ ಅಚ್ಚುಬೆಲ್ಲದ ಪೇಜ್ ಒತ್ತಿದ್ರೆ ಹಳೇ ಸೈಟಿನ ಡಿಸೈನಲ್ಲಿ ‘ಪೇಜ್ ಸಿಗ್ಲಿಲ್ಲ’ ಅನ್ನೋ 404 ಬತ್ತಾ ಅದೆ. ಒಬ್ರು ಫೋಲ್ಡರಿಗೆ 777 ಕೊಡಿ ಅಂದ್ರು, ಕೊಡ್ಲಾ?

ಉತ್ತರ (ಮೈಸೂರು, ಸರ್ವರ್ ಕೆಲಸ): ದಯವಿಟ್ಟು 777 ಕೊಡ್ಬೇಡಿ, ಅದು ಸರ್ವರಲ್ಲಿರೋ ಯಾವ ಯೂಸರ್ ಬೇಕಾದ್ರೂ ತಿದ್ದಬಹುದು ಅನ್ನೋ ಅನುಮತಿ. 404 ಹಳೇ ಡಿಸೈನಲ್ಲಿ ಬರ್ತಿದೆ ಅಂದ್ರಲ್ಲ, ರೋಗ ಅಲ್ಲೇ ಗೊತ್ತಾಗುತ್ತೆ. ಕಾಪಿ ಹೊಡೆದಾಗ ಡಾಟ್ ಎಚ್‌ಟಿಆಕ್ಸೆಸ್ ಫೈಲೂ (ಯಾವ ವಿಳಾಸ ಎಲ್ಲಿಗೆ ಹೋಗ್ಬೇಕು ಅಂತ ಅಪಾಚೆಗೆ ಹೇಳೋದು) ಜೊತೆಗೆ ಬಂದಿದೆ, ಅದ್ರಲ್ಲಿ ರೀರೈಟ್‌ಬೇಸ್ ಬರೀ ಸ್ಲಾಶ್, ಕೊನೇ ರೀರೈಟ್‌ರೂಲ್ ಸ್ಲಾಶ್ ಇಂಡೆಕ್ಸ್ ಡಾಟ್ ಪಿಎಚ್‌ಪಿ ಅಂತಿದೆ, ಹಂಗಾಗಿ ಸಗಟು ಒಳಗಿನ ವಿಳಾಸ ಕೇಳಿದ್ರೂ ಅಪಾಚೆ ಅದನ್ನ ಹಳೇ ಸೈಟಿನ ಇಂಡೆಕ್ಸ್ ಫೈಲಿಗೆ ಒಯ್ದು ಕೊಡ್ತಿದೆ. ಫೈಲ್‌ಗಳೆಲ್ಲ ರೂಟ್ ಹೆಸರಲ್ಲಿರೋದ್ರಿಂದ ವರ್ಡ್‌ಪ್ರೆಸ್ಸಿಗೆ ಅದನ್ನ ತಿದ್ದೋಕೂ ಆಗಿಲ್ಲ. ಸೆಟ್ಟಿಂಗ್ಸಲ್ಲಿ ಪರ್ಮಾಲಿಂಕ್ಸ್ ತೆಗೆದು ಸೇವ್ ಒತ್ತಿ, ಬರೆಯೋಕೆ ಆಗದಿದ್ರೆ ಪೇಜಿನ ಕೆಳಗೆ ಕೋಡ್ ತೋರಿಸುತ್ತೆ. ಆ ಎರಡು ಸಾಲಲ್ಲೂ ಫೋಲ್ಡರ್ ಹೆಸರು ಇದ್ಯಾ ನೋಡ್ಕೊಂಡು ಹಳೇದನ್ನ ತೆಗೆದು ಅದನ್ನ ಹಾಕಿ.

ಮೊದ್ಲು ಹಳೇ ಸೈಟಿಗೆ ಹೋಗ್ತಿದ್ದಿದ್ದು ಯಾಕಂದ್ರೆ ವರ್ಡ್‌ಪ್ರೆಸ್ ತನ್ನ ವಿಳಾಸನ ಡೇಟಾಬೇಸಲ್ಲೇ ಇಟ್ಕೊಂಡಿರುತ್ತೆ, ನಿಮ್ಮ ಕಾಪಿ ಓದ್ತಿದ್ದಿದ್ದೂ ಅದೇ ಡೇಟಾಬೇಸ್. ಪ್ರಿಫಿಕ್ಸ್ ಬದಲಾಯಿಸಿದ್ರೆ ನಡೆಯುತ್ತೆ, ಆದ್ರೆ ನಾನಂತೂ ಡೇಟಾಬೇಸೇ ಬೇರೆ, ಅದಕ್ಕೆ ಯೂಸರೂ ಬೇರೆ ಮಾಡಿ ಅಂತೀನಿ. ಡೇಟಾಬೇಸ್ ಒಂದೇ ಇದ್ರೆ, ನಾಳೆ ಸಗಟು ಸೈಟ್ ಕೆಟ್ಟು ನಿನ್ನೆಯ ಪೂರ್ತಿ ಬ್ಯಾಕಪ್ ವಾಪಸ್ ಹಾಕಿದ್ರೆ ಇವತ್ತು ಬಂದ ಚಿಲ್ಲರೆ ಆರ್ಡರೂ ಅದ್ರ ಜೊತೆ ಹೋಗುತ್ತೆ.

ಇನ್ನೊಂದು, ಇದನ್ನ ಜನ ಕೇಳಲ್ಲ, ನನಗೆ ಅದೇ ಸಂಕಟ. ಎಲ್ಲಾ ಕಾಪಿನೂ ಒಂದೇ ಯೂಸರಲ್ಲಿ ಓಡಿದ್ರೆ ಒಂದರ ಹಳೇ ಪ್ಲಗಿನ್ನಿಂದ ನುಗ್ಗಿದೋನು ಪಕ್ಕದ್ದರ ಕಾನ್ಫಿಗ್ ಫೈಲ್, ಡೇಟಾಬೇಸ್ ಪಾಸ್‌ವರ್ಡ್ ಎಲ್ಲಾ ಓದ್ತಾನೆ. ಇಲ್ಲೇ ಮೈಸೂರಲ್ಲಿ ಒಬ್ರ ಸರ್ವರ್ ನೋಡ್ದೆ, ಐದು ಸೈಟು, ಐದರ ಇಂಡೆಕ್ಸ್ ಫೈಲಲ್ಲೂ ಮೊದಲನೇ ಸಾಲಲ್ಲಿ ಅದೇ ಕಳ್ಳ ಕೋಡು, ಬಾಗಿಲು ತೆಗೆದಿದ್ದು ಯಾರೂ ಮುಟ್ಟದೆ ಬಿಟ್ಟಿದ್ದ ಟೆಸ್ಟ್ ಕಾಪಿ. ಎರಡು ದಿನ ಕೂತು ಕ್ಲೀನ್ ಮಾಡ್ದೆ. ಅದಕ್ಕೆ ಪ್ರತಿ ಕಾಪಿಗೂ ಒಂದು ಲಿನಕ್ಸ್ ಯೂಸರ್, ಒಂದು ಪಿಎಚ್‌ಪಿ-ಎಫ್‌ಪಿಎಂ ಪೂಲ್ (ಆ ಸೈಟಿನ ಕೋಡನ್ನ ಆ ಯೂಸರ್ ಹೆಸರಲ್ಲೇ ಓಡಿಸೋದು) ಮಾಡಿ, ಫೈಲ್‌ಗಳನ್ನೂ ಆ ಯೂಸರ್ ಹೆಸರಿಗೆ ಮಾಡಿ, ಅನುಮತಿ ಫೋಲ್ಡರಿಗೆ 755, ಫೈಲಿಗೆ 644, ಕಾನ್ಫಿಗ್ ಫೈಲಿಗೆ ಮಾತ್ರ ಬೇರೆ ಯೂಸರ್ ಓದದ ಹಾಗೆ 600.

ಇನ್ನೊಬ್ರು (ಶ್ರೀರಂಗಪಟ್ಟಣ): ಸರ್, ಇದಕ್ಕೆಲ್ಲ ಮಲ್ಟಿಸೈಟ್ (ಒಂದೇ ವರ್ಡ್‌ಪ್ರೆಸ್ಸಲ್ಲಿ ಹಲವು ಸೈಟ್) ಆಗಲ್ವಾ?

ಉತ್ತರ: ಆಗುತ್ತೆ ಮೇಡಂ, 2010ರಲ್ಲಿ 3.0 ಬಂದಾಗಿಂದ ವರ್ಡ್‌ಪ್ರೆಸ್ ಒಳಗೇ ಇದೆ. ಆದ್ರೆ ಅಲ್ಲಿ ಕೋಡೂ ಒಂದೇ, ಡೇಟಾಬೇಸೂ ಒಂದೇ, ಒಂದು ಕೆಟ್ಟ ಅಪ್‌ಡೇಟ್ ಎರಡು ಅಂಗಡಿನೂ ಮುಚ್ಚಿಸುತ್ತೆ. ವ್ಯಾಪಾರದ ಸೈಟಿಗೆ ನಾನು ಬೇರೆ ಬೇರೆನೇ ಇಡ್ತೀನಿ.

ಪ್ರಶ್ನೆ ಕೇಳಿದವರು: ಸರ್ ಕೋಡ್ ಹಾಕ್ದೆ, ಅಚ್ಚುಬೆಲ್ಲದ ಪೇಜ್ ಬಂತು! ರಾತ್ರಿ ಡೇಟಾಬೇಸ್ ಬೇರೆ ಮಾಡ್ತೀನಿ. ನಮ್ದೂ ಒಂದು ಹಳೇ ಟೆಸ್ಟ್ ಫೋಲ್ಡರ್ ಅದೆ ಸರ್, ಹೋದ ವರ್ಷದ್ದು.

ಉತ್ತರ: ರಾತ್ರಿ ತನಕ ಕಾಯ್ಬೇಡಿ, ಒಂದು ಬ್ಯಾಕಪ್ ಇಳಿಸ್ಕೊಂಡು ಆ ಟೆಸ್ಟ್ ಫೋಲ್ಡರನ್ನ ಈಗ್ಲೇ ಅಳಿಸಿ.