ಸ್ಯಾಂಕ್ಷನ್: ಮಂಜೂರಾತಿಯೋ, ನಿರ್ಬಂಧವೋ?

ಪ್ರಶ್ನೆ

ಸಾಲ ಸ್ಯಾಂಕ್ಷನ್ ಆಯಿತು, ಹುದ್ದೆ ಸ್ಯಾಂಕ್ಷನ್ ಆಗಿದೆ ಎಂದು ನಾವು ದಿನವೂ ಹೇಳುತ್ತೇವೆ. ವಿದ್ಯುತ್ ಬಿಲ್ಲಿನಲ್ಲಿ ಬರುವ ಸ್ಯಾಂಕ್ಷನ್ಡ್ ಲೋಡ್ ಎಂದರೆ ಮಂಜೂರಾದ ಲೋಡ್. ಆದರೆ 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ಭಾರತದ ಮೇಲೆ ಹೇರಿದ್ದೂ ಸ್ಯಾಂಕ್ಷನ್ಸ್. ಒಪ್ಪಿಗೆಗೂ ಶಿಕ್ಷೆಗೂ ಒಂದೇ ಪದ ಹೇಗೆ ಬಂತು? ಸುದ್ದಿ ಅನುವಾದ ಮಾಡುವಾಗ ಯಾವ ಅರ್ಥವೆಂದು ತೀರ್ಮಾನಿಸುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಎರಡೂ ಅರ್ಥಗಳು ಲ್ಯಾಟಿನ್ನಿನ ‘ಸಾಂಕೀರೆ’ ಎಂಬ ಒಂದೇ ಕ್ರಿಯಾಪದದಿಂದ ಬಂದಿವೆ. ಮೀರಬಾರದ್ದೆಂದು ವಿಧಿಸುವುದು, ಪವಿತ್ರಗೊಳಿಸುವುದು ಎಂದು ಅದರ ಅರ್ಥ. ಸಂತರನ್ನು ಸೂಚಿಸುವ ‘ಸೇಂಟ್’ ಕೂಡ ಅದೇ ಮೂಲದ್ದು. ಶಾಸನವೊಂದಕ್ಕೆ ಅಧಿಕಾರಸ್ಥರು ಮುದ್ರೆಯೊತ್ತಿದಾಗ ಅದು ಊರ್ಜಿತವಾಗುತ್ತದೆ, ಅದನ್ನು ಮೀರಿದವರಿಗೆ ಆಗುವ ದಂಡನೆಯೂ ಅದರಲ್ಲಿಯೇ ಸೇರಿರುತ್ತದೆ. ಮುದ್ರೆಯ ಕಡೆಯಿಂದ ಅನುಮೋದನೆಯ ಅರ್ಥವೂ ದಂಡನೆಯ ಕಡೆಯಿಂದ ಶಿಕ್ಷೆಯ ಅರ್ಥವೂ ಬೆಳೆದವು. ಆದ್ದರಿಂದ ಇವು ಪರಸ್ಪರ ವಿರುದ್ಧವೆಂದು ತೋರಿದರೂ ಹುಟ್ಟಿನಲ್ಲಿ ವಿರುದ್ಧವಲ್ಲ.

ಉತ್ತರ 2

ಅನುವಾದಕರಿಗೆ ವಾಕ್ಯದ ಕರ್ಮಪದವೇ ದಾರಿ ತೋರಿಸುತ್ತದೆ. ಖರ್ಚು, ಯೋಜನೆ, ರಜೆ, ಹುದ್ದೆ ಮುಂತಾದವನ್ನು ಸ್ಯಾಂಕ್ಷನ್ ಮಾಡಿದರೆ ಅದು ಮಂಜೂರಾತಿ. ವ್ಯಕ್ತಿ, ಕಂಪನಿ ಅಥವಾ ದೇಶವನ್ನು ಸ್ಯಾಂಕ್ಷನ್ ಮಾಡಿದರೆ ಸಾಮಾನ್ಯವಾಗಿ ನಿರ್ಬಂಧ. ನಾಮಪದವು ಬಹುವಚನದಲ್ಲಿದ್ದು ‘ಮೇಲೆ’ ಅಥವಾ ‘ವಿರುದ್ಧ’ ಎಂಬ ಅರ್ಥದ ಪದ ಜೊತೆಗಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಎಡವುವುದು ನ್ಯಾಯಾಲಯದ ಸುದ್ದಿಯಲ್ಲಿ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಬರುವ ಸ್ಯಾಂಕ್ಷನ್ ಎಂದರೆ ಸರ್ಕಾರಿ ನೌಕರನ ಮೇಲಿನ ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳುವ ಮೊದಲು ಸಕ್ಷಮ ಪ್ರಾಧಿಕಾರ ಕೊಡಬೇಕಾದ ಪೂರ್ವಾನುಮತಿ. ಸುತ್ತಲೂ ಆರೋಪ, ಅಪರಾಧ, ಶಿಕ್ಷೆ ಎಂಬ ಮಾತುಗಳೇ ಇರುವುದರಿಂದ ಅವಸರದಲ್ಲಿ ಇದನ್ನು ದಂಡನೆ ಎಂದು ಬರೆದುಬಿಡುವ ಅಪಾಯವಿದೆ, ಹಾಗೆ ಬರೆದರೆ ಇನ್ನೂ ವಿಚಾರಣೆಯೇ ನಡೆಯದ ಮನುಷ್ಯನಿಗೆ ಶಿಕ್ಷೆಯಾಯಿತು ಎಂದು ಓದುಗರು ತಿಳಿಯುತ್ತಾರೆ. ಇದು ಸಣ್ಣ ವಿಷಯವಲ್ಲ.

ಉತ್ತರ 3

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಒಂದು ಮಾತು ಸೇರಿಸಬೇಕು. ಅಂತರರಾಷ್ಟ್ರೀಯ ಸುದ್ದಿಗಳಲ್ಲಿ ಸ್ಯಾಂಕ್ಷನ್ಸ್ ಎಂದಲ್ಲೆಲ್ಲ ‘ದಿಗ್ಬಂಧನ’ ಎಂದು ಬರೆಯುವ ರೂಢಿ ನನಗೆ ಸರಿಯೆನಿಸುವುದಿಲ್ಲ. ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿಯು ಆರ್ಥಿಕ ಸಂಬಂಧ, ಸಾರಿಗೆ, ಅಂಚೆ ಸಂಪರ್ಕಗಳನ್ನು ಪೂರ್ಣವಾಗಿ ಅಥವಾ ಭಾಗಶಃ ಕಡಿದುಕೊಳ್ಳುವ ಕ್ರಮಗಳನ್ನು, ಅಂದರೆ ಬಲಪ್ರಯೋಗವಿಲ್ಲದ ಕ್ರಮಗಳನ್ನು, ಹೇಳುತ್ತದೆ. ದಾರಿಗಳನ್ನು ಸೇನೆಯಿಂದ ಮುಚ್ಚಿಸುವ ದಿಗ್ಬಂಧನ ಬರುವುದು 42ನೇ ವಿಧಿಯಲ್ಲಿ. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಗೆ 1935ರಲ್ಲಿ ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಗಳ ಒಕ್ಕೂಟ (ಲೀಗ್ ಆಫ್ ನೇಷನ್ಸ್) ಹಾಕಿದ್ದೂ ಸ್ಯಾಂಕ್ಷನ್ಸೇ, ಆದರೆ ಅದರಲ್ಲಿ ತೈಲ ಸೇರಿರಲಿಲ್ಲ, ಸೂಯೆಜ್ ಕಾಲುವೆಯೂ ಇಟಲಿಯ ಹಡಗುಗಳಿಗೆ ತೆರೆದೇ ಇತ್ತು. ಅಂಥದ್ದನ್ನು ದಿಗ್ಬಂಧನವೆಂದು ಕರೆಯಲಾಗದು. ‘ಆರ್ಥಿಕ ನಿರ್ಬಂಧ’ ಎಂದು ಬರೆದರೆ ಸಾಕು.